ಮಕ್ಕಳಿಗೆ ‘ನೀವು ಧೂಳು’ ಅನ್ನಬೇಡಿ

ನಿನ್ನೆ ರಾತ್ರಿಯಿಂದ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಶಾಲೆಯ ಮೈದಾನದಲ್ಲಿ ಆಕಾಶ ವೀಕ್ಷಣೆ ಇತ್ತು. ನನ್ನ ಹಳೇ ಟೆಲಿಸ್ಕೋಪ್ ಹೊತ್ತುಕೊಂಡು ಹೋಗಿದ್ದೆ. ಒಳ್ಳೇ ಚಳಿ, ಮೋಡ ಇಲ್ಲ. ಸ್ವೆಟರ್, ಟೋಪಿ ಹಾಕಿಕೊಂಡ ಮಕ್ಕಳು ಸಾಲಾಗಿ ಬಂದು ಆಂಡ್ರೊಮಿಡಾ ನೋಡಿದರು. ಅದೊಂದು ಗೆಲಾಕ್ಸಿ, ಅಂದರೆ ಕೋಟಿ ಕೋಟಿ ನಕ್ಷತ್ರಗಳ ದೊಡ್ಡ ಗುಂಪು. ಕಾಣುವುದು ಮಸುಕಾದ ಒಂದು ಬಿಳಿ ಮಚ್ಚೆ, ಅಷ್ಟೇ. ಆದರೆ ಆ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷ ಆಯಿತು ಅಂದಾಗ ಒಬ್ಬ ಹುಡುಗ ಓಡಿಹೋಗಿ ಮತ್ತೆ ಸಾಲಿನ ಕೊನೆಗೆ ನಿಂತ. ನನಗೆ ಅಷ್ಟು ಖುಷಿ ಆಯಿತು.

ಆಮೇಲೆ ಮುಖ್ಯ ಅತಿಥಿಗಳ ಭಾಷಣ. ನಮ್ಮ ಗೆಲಾಕ್ಸಿ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲ, ಅಂದರೆ ಬೆಳಕು ಅದನ್ನು ದಾಟಲು 1 ಲಕ್ಷ ವರ್ಷ ಬೇಕು. ಅದರಲ್ಲಿ 10 ಸಾವಿರ ಕೋಟಿಗೂ ಜಾಸ್ತಿ ನಕ್ಷತ್ರ. ಅಂಥ ಗೆಲಾಕ್ಸಿಗಳು ಎಷ್ಟೋ. “ಅದರ ಮುಂದೆ ನೀವು ಯಾರು? ಧೂಳಿನ ಕಣವೂ ಅಲ್ಲ, ಏನೂ ಅಲ್ಲ.” ಈ ಮಾತನ್ನು ಮೂರು ಸಲ ಹೇಳಿದರು. ಚಪ್ಪಾಳೆ ಬಿತ್ತು.

ಟೆಲಿಸ್ಕೋಪ್ ಬಿಚ್ಚಿ ಇಡುತ್ತಿದ್ದಾಗ ಎಂಟನೇ ಕ್ಲಾಸಿನ ಒಬ್ಬಳು ಹತ್ತಿರ ಬಂದಳು. “ನಾವು ಏನೂ ಅಲ್ಲ ಅಂದ್ರೆ ಓದೋದು ಯಾಕೆ ಮೇಡಂ?” ಅಂತ ಮೆಲ್ಲಗೆ ಕೇಳಿದಳು. ಅಷ್ಟರಲ್ಲಿ ಅವರ ಬಸ್ ಹಾರ್ನ್ ಹೊಡೆಯಿತು. ಉತ್ತರ ಹೇಳೋಕೆ ಆಗಲಿಲ್ಲ.

ಅತಿಥಿಗಳು ಕೊಟ್ಟ ಅಂಕಿಗಳೆಲ್ಲ ಸರಿ. ಅದರಿಂದ ಎಳೆದ ತೀರ್ಮಾನ ತಪ್ಪು. 22 ವರ್ಷ ಭೌತಶಾಸ್ತ್ರ ಪಾಠ ಮಾಡಿದ್ದೇನೆ. ದೊಡ್ಡದೆಲ್ಲ ಮೇಲು, ಚಿಕ್ಕದೆಲ್ಲ ಕೀಳು ಅಂತ ಹೇಳುವ ಒಂದು ಸೂತ್ರವೂ ಅದರಲ್ಲಿ ಇಲ್ಲ. ಬೆಟ್ಟಕ್ಕಿಂತ ಮಗು ಚಿಕ್ಕದು. ಹಾಗಂತ ಬೆಟ್ಟದ ಮುಂದೆ ಮಗು ಏನೂ ಅಲ್ಲ ಅಂತೀವಾ?

ಅಳತೆಯೇ ಬೇಕು ಅಂದರೆ ಇನ್ನೊಂದು ಲೆಕ್ಕ ಕೊಡುತ್ತೇನೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಗೆ ಬರುತ್ತದೆ. ಒಂದು ಕಿಲೋ ತೂಕಕ್ಕೆ ಒಂದು ವಾಟಿಗಿಂತ ಜಾಸ್ತಿ. ಸೂರ್ಯ ಹೊರಗೆ ಬಿಡುವ ಶಕ್ತಿಯನ್ನು ಅವನ ತೂಕದಿಂದ ಭಾಗಿಸಿ. ಒಂದು ಕಿಲೋಗೆ ಸುಮಾರು 0.0002 ವಾಟ್ ಬರುತ್ತದೆ. ಕಿಲೋಗೆ ಕಿಲೋ ಹೋಲಿಸಿದರೆ ಆ ಎಂಟನೇ ಕ್ಲಾಸಿನ ಹುಡುಗಿ ಸೂರ್ಯನಿಗಿಂತ ಸಾವಿರಾರು ಪಟ್ಟು ಹೆಚ್ಚು ಉರಿಯುತ್ತಿದ್ದಾಳೆ. ಇದನ್ನು ಮೊದಲ ಸಲ ಲೆಕ್ಕ ಹಾಕಿದ ದಿನ ನಾನು ಸೊನ್ನೆಗಳನ್ನು ಮೂರು ಸಲ ಎಣಿಸಿ ನೋಡಿದ್ದೆ.

ವಿಶ್ವ ಯಾಕೆ ಇಷ್ಟು ದೊಡ್ಡದು ಅನ್ನುವುದನ್ನೂ ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಮೊದಲು ಇದ್ದದ್ದು ಹೆಚ್ಚುಕಡಿಮೆ ಹೈಡ್ರೋಜನ್, ಹೀಲಿಯಂ ಮಾತ್ರ. ನಮ್ಮ ಮೈಯ ಕಾರ್ಬನ್, ಉಸಿರಿನ ಆಕ್ಸಿಜನ್, ರಕ್ತದ ಕಬ್ಬಿಣ ಎಲ್ಲ ನಕ್ಷತ್ರಗಳಲ್ಲಿ ತಯಾರಾಗಬೇಕಿತ್ತು. ಆ ನಕ್ಷತ್ರಗಳು ಉರಿದು, ಸತ್ತು, ಅವುಗಳ ಬೂದಿಯಿಂದ ಮತ್ತೆ ಸೂರ್ಯ, ಭೂಮಿ ಹುಟ್ಟಬೇಕಿತ್ತು. ಅದಕ್ಕೆ ನೂರಾರು ಕೋಟಿ ವರ್ಷ ಬೇಕು. ವಿಶ್ವಕ್ಕೆ ಈಗ 1,380 ಕೋಟಿ ವರ್ಷ. ಅಷ್ಟು ಕಾಲವೂ ಅದು ಹಿಗ್ಗುತ್ತಲೇ ಇದೆ. ನಮ್ಮಂಥವರು ಹುಟ್ಟುವಷ್ಟು ಹಳೆಯದಾದ ವಿಶ್ವ ಚಿಕ್ಕದಾಗಿರುವುದು ಹೇಗೆ? ಇದೆಲ್ಲ ನಮಗಾಗಿಯೇ ಆಯಿತು ಅಂತ ನಾನು ಹೇಳುತ್ತಿಲ್ಲ. ಈ ದೊಡ್ಡತನವನ್ನು ತೋರಿಸಿ ನಮ್ಮನ್ನು ಕೀಳು ಮಾಡಬೇಡಿ ಅನ್ನುತ್ತಿದ್ದೇನೆ.

“ಅಹಂಕಾರ ಇಳಿಯಲಿ ಅಂತ ಹಾಗೆ ಹೇಳ್ತಾರೆ ಬಿಡಿ” ಅಂತ ನಿನ್ನೆಯೇ ಒಬ್ಬರು ಸಮಾಧಾನ ಮಾಡಿದರು. ಯಾರ ಅಹಂಕಾರ? ಅಪ್ಪನ ಸ್ವೆಟರ್ ಹಾಕಿಕೊಂಡು ಬಂದಿದ್ದ ಆ ಮಕ್ಕಳದ್ದಾ? ಅಹಂಕಾರ ಇದ್ದವರು ಈ ಮಾತನ್ನು ತಲೆಗೆ ಹಾಕಿಕೊಳ್ಳುವುದೇ ಇಲ್ಲ. ಮೊದಲೇ ಕುಗ್ಗಿರುವವರು ಮಾತ್ರ ಅದನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾರೆ.

ಇದು ನನಗೆ ಗೊತ್ತು. ಅಪ್ಪ ತೀರಿಕೊಂಡ ವಾರ ಮನೆಗೆ ಬಂದ ಹಿರಿಯರೊಬ್ಬರು ನನ್ನ ತಲೆ ಸವರಿ, “ಈ ಬ್ರಹ್ಮಾಂಡದಲ್ಲಿ ನಾವೆಲ್ಲ ಎಷ್ಟರವರಮ್ಮ” ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದರು. ಆದರೆ ನನ್ನ ಪಾಲಿಗೆ ಅಪ್ಪ ‘ಎಷ್ಟರವರು’ ಅಂದುಬಿಡುವಂಥವರಾಗಿರಲಿಲ್ಲ. ಅವತ್ತು ರಾತ್ರಿ ತಾರಸಿಗೆ ಹೋದರೂ ತಲೆ ಎತ್ತಿ ನೋಡಲು ಮನಸ್ಸು ಬರಲಿಲ್ಲ. ನಕ್ಷತ್ರ ತೋರಿಸಿಕೊಟ್ಟವರೇ ಅಪ್ಪ. ಎಷ್ಟೋ ತಿಂಗಳು ನಾನು ಆಕಾಶ ನೋಡಲಿಲ್ಲ. ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ.

ಆ ದೊಡ್ಡ ದೊಡ್ಡ ಅಂಕಿಗಳನ್ನು ನಮಗೆ ಕೊಟ್ಟವರು ಯಾರು ಹೇಳಿ? ಹೆನ್ರಿಯೆಟ್ಟಾ ಲೀವಿಟ್ ಅಂತ ಒಬ್ಬ ಹೆಣ್ಣುಮಗಳು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಗಂಟೆಗೆ 30 ಸೆಂಟ್ ಸಂಬಳ. ಆಕಾಶದ ಫೋಟೋ ತೆಗೆದ ಗಾಜಿನ ಹಲಗೆಗಳನ್ನು ಇಟ್ಟುಕೊಂಡು, ಒಂದೊಂದೇ ಚುಕ್ಕಿ ನೋಡಿ ಅದರ ಹೊಳಪು ಬರೆದಿಡುವ ಕೆಲಸ. ಕೆಲವು ನಕ್ಷತ್ರಗಳ ಹೊಳಪು ಏರುತ್ತದೆ, ಇಳಿಯುತ್ತದೆ. 1912ರಲ್ಲಿ ಅಂಥ 25 ನಕ್ಷತ್ರಗಳನ್ನು ಹೋಲಿಸಿ ಒಂದು ವಿಷಯ ಸ್ಪಷ್ಟವಾಗಿ ತೋರಿಸಿದರು. ಏರಿ ಇಳಿಯಲು ಜಾಸ್ತಿ ದಿನ ತೆಗೆದುಕೊಳ್ಳುವ ನಕ್ಷತ್ರ ನಿಜವಾಗಿಯೂ ಜಾಸ್ತಿ ಪ್ರಕಾಶದ್ದು. ಬೀದಿ ದೀಪ ಎಷ್ಟು ವಾಟ್ ಅಂತ ಗೊತ್ತಿದ್ದರೆ, ಅದು ಎಷ್ಟು ಮಂಕಾಗಿ ಕಾಣುತ್ತದೆ ಅನ್ನುವುದರಿಂದ ದೂರ ಹೇಳಬಹುದು ಅಲ್ವಾ? ಹಾಗೆ ಆಕಾಶಕ್ಕೆ ಅಳತೆಗೋಲು ಸಿಕ್ಕಿತು. 1923ರಲ್ಲಿ ಎಡ್ವಿನ್ ಹಬಲ್ ಅನ್ನುವ ಖಗೋಳ ವಿಜ್ಞಾನಿ ಇಂಥದ್ದೇ ಒಂದು ನಕ್ಷತ್ರವನ್ನು ಆಂಡ್ರೊಮಿಡಾದಲ್ಲಿ ಕಂಡರು. ಅದರ ದೂರ ಲೆಕ್ಕ ಹಾಕಿದಾಗ ಆಂಡ್ರೊಮಿಡಾ ನಮ್ಮ ಗೆಲಾಕ್ಸಿಯ ಆಚೆ ಇರುವ ಇನ್ನೊಂದು ಗೆಲಾಕ್ಸಿ ಅಂತ ಗೊತ್ತಾಯಿತು. ಅದನ್ನು ನೋಡಲು ಲೀವಿಟ್ ಇರಲಿಲ್ಲ. 1921ರಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

ನಿನ್ನೆ ವೇದಿಕೆಯ ಮೇಲೆ ನಮ್ಮನ್ನು ಚಿಕ್ಕವರು ಮಾಡಲು ಬಳಸಿದ್ದು ಈಕೆಯ ಕೆಲಸದಿಂದ ಬಂದ ಲೆಕ್ಕವನ್ನೇ. ಆಂಡ್ರೊಮಿಡಾಗೆ ತನ್ನ ದೂರ ಗೊತ್ತಿಲ್ಲ. ಹಲಗೆಯ ಮೇಲೆ ಬಗ್ಗಿ ಚುಕ್ಕಿ ಎಣಿಸಿದ ಒಬ್ಬ ಮನುಷ್ಯಳಿಂದ ನಮಗೆ ಅದು ಗೊತ್ತಾಯಿತು.

ಬೆಳಿಗ್ಗೆ ಹೆಡ್‌ಮೇಷ್ಟ್ರಿಗೆ ಫೋನ್ ಮಾಡಿದೆ. ಮುಂದಿನ ಶನಿವಾರ ಒಂದು ಪೀರಿಯಡ್ ಕೊಟ್ಟಿದ್ದಾರೆ. ಲೀವಿಟ್ ಅವರ ಆ 25 ನಕ್ಷತ್ರಗಳ ಅಂಕಿಗಳನ್ನು ಪ್ರಿಂಟ್ ತೆಗೆದಿದ್ದೇನೆ. ಗ್ರಾಫ್ ಹಾಳೆ, ಪೆನ್ಸಿಲ್ ಕೊಟ್ಟು ಮಕ್ಕಳ ಕೈಯಲ್ಲೇ ಚುಕ್ಕಿ ಇಡಿಸುತ್ತೇನೆ. ಆ ಹುಡುಗಿಯ ಹೆಸರು ಕೇಳಿಕೊಳ್ಳಲಿಲ್ಲ. ಮುಖ ನೆನಪಿದೆ, ಮೊದಲ ಬೆಂಚಿನಲ್ಲಿ ಕೂರಿಸಿಕೊಳ್ಳುತ್ತೇನೆ.