ಅಳಿಯಂದಿರು ಪಾಸ್‌ವರ್ಡ್ ಬದಲಿಸಿದ್ದು

ದೀಪಾವಳಿಗೆ ಬಂದ ಅಳಿಯ ಏನು ಮಾಡಿದರೂ ಸರಿ. ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಕಾಕಾನ ಮನೆಯಲ್ಲಂತೂ ಅವರೆದುರು ಜೋರಾಗಿ ಸೀನೋ ಹಾಗೂ ಇಲ್ಲ. ಕಾಕಾ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಮರೆತಾಗ "ಐದು ನಿಮಿಷದ ಕೆಲಸ ಮಾಮಾ" ಅಂತ ಅಳಿಯಂದಿರು ಕೂತರೆ ತಡೆಯೋರು ಯಾರು?

ಐದೇ ನಿಮಿಷ, ಸುಳ್ಳಲ್ಲ. ರಿಪೇರಿಗಂತಲೇ ಇರೋ ರಿಕವರಿ ಮೋಡ್‌ಗೆ ಹೋಗಿ, ರೂಟ್ ಆಗಿ, ಅಂದರೆ ಇಡೀ ಯಂತ್ರದ ಯಜಮಾನನಾಗಿ, ಹೊಸ ಪಾಸ್‌ವರ್ಡ್ ಕೊಟ್ಟರು. ಕಾಕಾ ಅದನ್ನು ಒತ್ತಿದರು. ಪರದೆ ಒಂದು ಕ್ಷಣ ಕಪ್ಪಾಯಿತು, ಮತ್ತೆ ಪಾಸ್‌ವರ್ಡ್ ಕೇಳಿತು. ಮತ್ತೆ ಒತ್ತಿದರು, ಮತ್ತೆ ಅದೇ. ತಪ್ಪು ಅನ್ನೋದೂ ಇಲ್ಲ, ಒಳಗೆ ಬಿಡೋದೂ ಇಲ್ಲ.

ಆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಇದ್ದದ್ದು ಉಬುಂಟು ಅನ್ನೋ ಲಿನಕ್ಸ್, ಆವೃತ್ತಿ 16.04. ಹಾಕುವಾಗ ನಮ್ಮ ಫೈಲುಗಳೆಲ್ಲ ಇರೋ ಹೋಮ್ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡೋ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಮಾಡೋ ಚೌಕಕ್ಕೆ ಕಾಕಾ ಟಿಕ್ ಮಾಡಿದ್ದರು. (18.04ರ ಇನ್‌ಸ್ಟಾಲರ್‌ನಲ್ಲಿ ಆ ಚೌಕವನ್ನೇ ತೆಗೆದುಬಿಟ್ಟರು.) ಇದರಲ್ಲಿ ಫೈಲುಗಳಿಗೆ ಬೀಗ ಹಾಕೋದು ಲಾಗಿನ್ ಪಾಸ್‌ವರ್ಡ್ ಅಲ್ಲ, ಯಂತ್ರವೇ ಹುಟ್ಟಿಸಿದ 32 ಅಕ್ಷರದ ಬೇರೊಂದು ಕೀಲಿ. ಪಾಸ್‌ವರ್ಡ್ ಕಾಯೋದು ಆ ಕೀಲಿಯನ್ನು ಮಾತ್ರ. ನಾವೇ ಪಾಸ್‌ವರ್ಡ್ ಬದಲಿಸಿದರೆ ಮೊದಲು ಹಳೇದನ್ನು ಕೇಳುತ್ತೆ ಅಲ್ವಾ? ಅದರಿಂದ ಕೀಲಿಯನ್ನು ಬಿಚ್ಚಿ, ಹೊಸದರಿಂದ ಮತ್ತೆ ಕಟ್ಟಿಡುತ್ತೆ. ರೂಟ್‌ಗೆ ಹಳೇದನ್ನು ಯಾರೂ ಕೇಳೋಲ್ಲ. ಅಂದರೆ ಅಳಿಯಂದಿರು ಬದಲಿಸಿದ್ದು ಮುಂಬಾಗಿಲಿನ ಬೀಗ. ತಿಜೋರಿ ಕೀಲಿ ಇದ್ದ ಡಬ್ಬಿಗೆ ಹಳೇ ಬೀಗವೇ ನೇತಾಡ್ತಿತ್ತು.

ಇದನ್ನೆಲ್ಲ ಅಳಿಯಂದಿರಿಗೆ ನೋವಾಗದ ಹಾಗೆ ಹೇಳೋದು ಎನ್‌ಕ್ರಿಪ್ಷನ್‌ಗಿಂತ ಕಷ್ಟ. ಹೇಗೋ ಹೇಳಿದೆ.

"ಅಂದ್ರ ಮರೆತದ್ದನ್ನ ನೆನಪಿಸ್ಕೊಂಡ್ರ ಮಾತ್ರ ಬಾಗಿಲಾ ತೆಗೀತದ?" ಅಂದರು ಕಾಕಾ.

"ಹೂಂ ಕಾಕಾ, ಹಳೇದು ಬೇಕೇ ಬೇಕು."

ಮಿರ್ಚಿ ಭಜಿ ಕರೀತಿದ್ದ ಕಾಕು ಒಳಗಿಂದಲೇ ಕೂಗಿದರು: "ಧಾರವಾಡದ ಮನಿ ಹಳೇ ಫೋನ್ ನಂಬರ, ಹಿಂದ ನನ್ನ ಹೆಸರು. ದಿನಾ ಬಾಯಿಲೆ ಅಂದ್ಕೋತ ಒತ್ತತಾರ."

"ಮೊದಲ ಹೇಳಬಾರದೇನ?"

"ಅಳಿಯಂದಿರು ಅಷ್ಟು ಹುರುಪಿಲೆ ಮಾಡ್ಲಿಕ್ಹತ್ತಿದ್ರು. ನಡುವ ನಾ ಹೆಂಗ ಬಾಯಿ ಹಾಕಲಿ?"

ಕಂಟ್ರೋಲ್, ಆಲ್ಟ್, ಎಫ್ ಒಂದು ಒತ್ತಿ, ಕಮಾಂಡ್ ಟೈಪ್ ಮಾಡೋ ಕಪ್ಪು ಪರದೆಗೆ ಹೋದೆ. ಈ ಬೀಗ ಹಾಕೋ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಕೀಲಿಯನ್ನು ಮತ್ತೆ ಕಟ್ಟಿಡೋ ರೀರ‍್ಯಾಪ್ ಕಮಾಂಡಿಗೆ ಹಳೇದು, ಹೊಸದು ಎರಡನ್ನೂ ಕೊಟ್ಟೆ. ಲಾಗಿನ್ ಮಾಡಿದರೆ ಮಗಳ ಮದುವೆ ಫೋಟೊ, ಸೊಸೈಟಿ ಲೆಕ್ಕ, ಎಲ್ಲ ಇದ್ದಲ್ಲೇ ಇದ್ದವು. ಆ 32 ಅಕ್ಷರದ ಕೀಲಿಯನ್ನೂ ತೆಗೆದು ಚೀಟಿಯಲ್ಲಿ ಬರೆದಿಡಿ ಅಂದೆ. ಬರೆಯೋ ಮರ್ಯಾದೆ ಅಳಿಯಂದಿರಿಗೇ ಹೋಯಿತು.

ಸರಿಯಾಗಿ ಬರೆದಿದ್ದಾರಾ ಅಂತ ಕಾಕಾ ಚೀಟಿ ಹಿಡಿದು ಕಟ್ಟೆಯ ಮೇಲೆ ಕೂತು, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದರು. ಓಣಿಗೆಲ್ಲ ಕೇಳಿಸಿತು.