ಒಂದೆಳೆ ಶ್ರೀ ಬಂತಾ?

ಎದುರುಮನೆಯ ಅಳಿಯಂದಿರು ಜೈಪುರದಲ್ಲಿ ಕೆಲಸದಲ್ಲಿದ್ದಾರೆ. ಮೊನ್ನೆ ಊರಿಗೆ ಬಂದವರು ನಮಗೂ ಒಂದು ಡಬ್ಬಿ ಸಿಹಿ ಕೊಟ್ಟರು. ಮುಚ್ಚಳದ ಮೇಲೆ ಚಿನ್ನದ ಬಣ್ಣದಲ್ಲಿ ‘ಮೈಸೂರ್ ಶ್ರೀ’ ಅಂತ ಬರೆದಿತ್ತು. ತೆಗೆದು ನೋಡಿದರೆ ಮೈಸೂರ್ ಪಾಕು. ಮೈಸೂರಿಗೇ ಮೈಸೂರ್ ಪಾಕ್ ತರುವುದಕ್ಕೆ ಎದೆಗಾರಿಕೆ ಬೇಕು. ಹೆಸರು ಬದಲಿಸಿ ತರುವುದಕ್ಕೆ ಇನ್ನೂ ಜಾಸ್ತಿ ಬೇಕು.

ಕಥೆ ನಿಮಗೆ ಗೊತ್ತೇ ಇದೆ. 2025ರ ಮೇ ತಿಂಗಳಲ್ಲಿ ಜೈಪುರದ ಕೆಲವು ಸಿಹಿ ಅಂಗಡಿಗಳಲ್ಲಿ ದೇಶಭಕ್ತಿ ಹಾಲಿನ ಥರ ಉಕ್ಕಿತು. ಉರಿ ಸಣ್ಣ ಮಾಡುವವರು ಯಾರೂ ಹತ್ತಿರ ಇರಲಿಲ್ಲ. ‘ಪಾಕ್’ ಅಂದರೆ ಪಾಕಿಸ್ತಾನ ನೆನಪಾಗುತ್ತೆ ಅಂತ ಮೋತಿ ಪಾಕ್ ಹೋಗಿ ಮೋತಿ ಶ್ರೀ ಆಯಿತು, ನಮ್ಮದು ಮೈಸೂರ್ ಶ್ರೀ ಆಯಿತು. ಗಡಿಯಾಚೆ ಇದರಿಂದ ಎಷ್ಟು ನಡುಕ ಹುಟ್ಟಿತೋ ಕಾಣೆ.

ಡಬ್ಬಿ ಬಂದ ದಿನವೇ ನನ್ನ ಹೆಂಡತಿ ಮೈಸೂರ್ ಪಾಕಿಗೆ ಕೈ ಹಾಕಿದ್ದಳು. ಎದುರುಮನೆಯಾಕೆ ಕಲಿಯಲು ಬಂದು ಒಲೆ ಪಕ್ಕ ನಿಂತಿದ್ದರು. ಇವಳು ಸೌಟಿನ ತುದಿಯಿಂದ ಒಂದು ತೊಟ್ಟು ತೆಗೆದು, ಊದಿ, ಹೆಬ್ಬೆರಳಿಗೂ ತೋರುಬೆರಳಿಗೂ ಅಂಟಿಸಿ ಬಿಡಿಸಿದಳು. ಕೂದಲಿನಂಥ ಒಂದು ಎಳೆ. ಆಕೆ “ಅಕ್ಕಾ, ಪಾ...” ಅಂದವರು, ಅಳಿಯನ ನೆನಪಾಗಿ ತಡೆದು, “ಅದೇ, ಶ್ರೀ ಬಂತಾ?” ಅಂದರು. “ಒಂದೆಳೆ ಶ್ರೀ ಬಂದಿದೆ, ಆ ಕಡಲೆಹಿಟ್ಟು ಇಲ್ಲಿ ಕೊಡಿ” ಅಂದಳು ಇವಳು. ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಕಾದ ತುಪ್ಪದ ಸರದಿ. ಒಂದೊಂದೇ ಸೌಟು ಸುರಿದಂತೆ ಹಿಟ್ಟು ಬುಸ್ ಅಂತ ಉಬ್ಬಿ ಗೂಡುಗೂಡಾಗಬೇಕು. 2025ರ ನವೆಂಬರಿನಲ್ಲಿ ನಂದಿನಿ ತುಪ್ಪ ಲೀಟರಿಗೆ 700 ರೂಪಾಯಿ ಆದಮೇಲೆ ಸೌಟು ಹಿಡಿದ ಕೈ ತಾನೇ ನಡುಗುತ್ತೆ. ಅದಕ್ಕೆ ಯಾರೂ ಹೊಸ ಹೆಸರು ಹುಡುಕಿದ ಹಾಗೆ ಕಾಣಲಿಲ್ಲ.

ಪಾಕ ಅಂದರೆ ಬೇಯಿಸಿದ್ದು, ಅಷ್ಟೇ. ಅಡುಗೆ ರುಚಿಯಾಗಿದ್ದರೆ ನಳಪಾಕ ಅಂತೀವಿ. ಇನ್ನು ಮೇಲೆ ನಳಶ್ರೀ ಅನ್ನಬೇಕೋ ಏನೋ. ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜಿನ ಹೆಸರಿದ್ದ ಹಾಗಿದೆ. ಪಕೋಡವೂ ಅದೇ ವಂಶದ್ದು, ಅದರ ಮೇಲೂ ಒಂದು ಕಣ್ಣಿರಲಿ. ಪಾಲಕ್ ಸೊಪ್ಪನ್ನು ನೋಡಿ, ನಡುವೆ ಒಂದು ‘ಲ’ ಅಡ್ಡ ಇಟ್ಟುಕೊಂಡು ಎಷ್ಟು ವರ್ಷದಿಂದ ತಲೆಮರೆಸಿಕೊಂಡಿದೆ! ರಾಮನವಮಿ ಪಾನಕದ ವಿಷಯ ಮಾತ್ರ ನಾನು ಎತ್ತುವುದಿಲ್ಲಪ್ಪ. ಹೆಂಡತಿ ಮಕ್ಕಳು ಇರೋನು ನಾನು.

ನಾಲ್ವಡಿ ಕೃಷ್ಣರಾಜ ಒಡೆಯರು ಇದೇನು ಅಂತ ಕೇಳಿದಾಗ ಅರಮನೆ ಅಡುಗೆಯ ಕಾಕಾಸುರ ಮಾದಪ್ಪನವರ ಬಾಯಿಗೆ ಬಂದದ್ದು ‘ಮೈಸೂರು ಪಾಕ’ ಅನ್ನುವುದು ಎಲ್ಲರೂ ಹೇಳುವ ಕಥೆ. ಊರು ಮೈಸೂರು, ಮಾಡಿದ್ದು ಪಾಕ, ಮುಗೀತು. 1973ರ ನವೆಂಬರ್ 1ರಂದು ರಾಜ್ಯಕ್ಕಿದ್ದ ಮೈಸೂರು ಅನ್ನುವ ಹೆಸರೇ ಹೋಗಿ ಕರ್ನಾಟಕ ಬಂತು. ಆಗಲೂ ಯಾರೂ ಕರ್ನಾಟಕ ಪಾಕ್ ಅನ್ನಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ. ನಮಗೆ ಪಾಕ ಅಂದರೆ ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿದ್ದರೆ ನಾವು ಹುಡುಗರು ಕಬ್ಬಿನ ಸಿಪ್ಪೆಯ ರಾಶಿ ಮೇಲೆ ಕೂತು ಕಾಯುತ್ತಿದ್ದೆವು. ಹದ ನೋಡುವಾತ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುತ್ತಿದ್ದ. ಉಂಡೆ ಕಟ್ಟಿತೋ, “ಪಾಕ ಬಂತು, ಇಳಿಸ್ರೋ!” ಅಂತ ಕೂಗು. ಅರೆಗಳಿಗೆ ತಡವಾದರೆ ಕೊಪ್ಪರಿಗೆಯೆಲ್ಲ ಸೀದು ಹೋಗುತ್ತಿತ್ತು. ಆ ಕೂಗಿನಲ್ಲಿ ನಮಗೆ ಕೇಳಿಸುತ್ತಿದ್ದುದು ಬಿಸಿ ಬೆಲ್ಲ. ಇನ್ನೊಂದು ತಮಾಷೆ ಇದೆ. ‘ಪಾಕ್‌ಸ್ತಾನ್’ ಅನ್ನುವ ಹೆಸರು ಒಂದು ಕರಪತ್ರದಲ್ಲಿ ಅಚ್ಚಾಗಿ ಬಂದದ್ದು 1933ರಲ್ಲಿ. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದೂ ಅದೇ 1933ರಲ್ಲಿ. ಜೈಪುರದವರಿಗೆ ಹೇಳಬೇಡಿ, ಸಕ್ಕರೆಯನ್ನೂ ಬಿಡಲಿಕ್ಕಿಲ್ಲ.

ನಿಜವಾಗಿ ಗಡಿಯ ಆ ಕಡೆಯಿಂದ ನಮ್ಮ ಅಡುಗೆಮನೆಗೆ ಬರುತ್ತಿದ್ದದ್ದು ಒಂದಿತ್ತು. ಏಕಾದಶಿ ಉಪವಾಸಕ್ಕೆ ಅಂತ ಮಡಿಯಲ್ಲಿ ಎತ್ತಿಡುವ ಸೈಂಧವ ಲವಣ. ಸೈಂಧವ ಅಂದರೇ ಸಿಂಧೂ ಸೀಮೆಯದ್ದು. ನಮ್ಮ ದಿನಸಿ ಅಂಗಡಿಗಳಿಗೆ ಅದು ಹೆಚ್ಚಾಗಿ ಬರುತ್ತಿದ್ದುದು ಪಾಕಿಸ್ತಾನದ ಖೇವ್ರಾ ಗಣಿಗಳಿಂದ. 2025ರ ಮೇ 2ರಂದು ಅಲ್ಲಿಂದ ಬರುವ ಸಾಮಾನಿಗೆಲ್ಲ ಸರ್ಕಾರ ತಡೆ ಹಾಕಿತು. ಅಲ್ಲಿಯವರೆಗೆ ಪಾಕಿಸ್ತಾನದ ಉಪ್ಪು ತಿಂದೇ ನಾವು ಪುಣ್ಯ ಕಟ್ಟಿಕೊಂಡಿದ್ದು. ಉಪ್ಪಿನ ಹೆಸರು ಯಾರೂ ಮುಟ್ಟಲಿಲ್ಲ. ಗಡಿಯ ಮುಖವನ್ನೇ ನೋಡದ ಕಡಲೆಹಿಟ್ಟು ಸಿಕ್ಕಿಬಿತ್ತು.

ಇಷ್ಟು ಹೊತ್ತು ನಕ್ಕೆ. ಸುಮ್ನೆ ಕೂತು ಯೋಚಿಸಿದರೆ ನಗು ಬರಲ್ಲ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ಗುಂಡಿಗೆ 26 ಜನ ಸತ್ತರು. ಸುತ್ತಾಡಲು ಹೋದವರು. ನಮ್ಮ ರಾಜ್ಯದವರೂ ಇದ್ದರು. ಪ್ರವಾಸಿಗಳಿಗೆ ಕುದುರೆ ಓಡಿಸಿ ಹೊಟ್ಟೆ ಹೊರೆಯುತ್ತಿದ್ದ ಅಲ್ಲಿಯ ಹುಡುಗನೂ ಒಬ್ಬ ಸತ್ತ. ತಿಂಗಳು ತುಂಬುವಷ್ಟರಲ್ಲಿ ಆ ಸಾವುಗಳ ಹೆಸರಲ್ಲಿ ಸಿಹಿ ಡಬ್ಬಿಗೆ ಹೊಸ ಚೀಟಿ ಅಂಟಿಸಿದರು, ಕ್ಯಾಮೆರಾ ಮುಂದೆ ನಿಂತು ಎದೆ ಉಬ್ಬಿಸಿದರು. ಸತ್ತವರ ಮನೆಯವರು ಆ ಸುದ್ದಿ ನೋಡಿರುತ್ತಾರೆ ಅಲ್ವಾ? ನಾಚಿಕೆ ಆಗಬೇಕು. ಆಗಲ್ಲ. ಹೇಳಿ ಹೇಳಿ ಸಾಕಾಗಿದೆ.

ಅಂದ ಹಾಗೆ, ನಗುವ ಗಲಾಟೆಯಲ್ಲಿ ನಮ್ಮ ಮನೆಯ ಪಾಕ ಒಂದೆಳೆ ದಾಟಿ ಹೋಗಿತ್ತು. ತುಂಡು ಮಾಡಲು ಈಳಿಗೆಮಣೆಗೂ ಆಗಲಿಲ್ಲ. ಕುಟ್ಟಾಣಿಯಲ್ಲಿ ಕುಟ್ಟಿ ಪುಡಿ ಮಾಡಿ ಚಮಚದಲ್ಲಿ ತಿಂದೆವು. ಜೈಪುರದ್ದು ಪರವಾಗಿಲ್ಲ, ಏಲಕ್ಕಿ ಜಾಸ್ತಿ. ಎರಡೇ ದಿನದಲ್ಲಿ ಖಾಲಿಯಾಯಿತು. ಡಬ್ಬಿ ಗಟ್ಟಿಮುಟ್ಟಾಗಿದೆ, ಬಿಸಾಕಲು ಇವಳಿಗೆ ಮನಸ್ಸು ಬರಲಿಲ್ಲ. ತೊಳೆದು ಒರೆಸಿ, ಉಳಿದಿದ್ದ ಹಳೇ ಸೈಂಧವ ಲವಣ ತುಂಬಿ ದೇವರ ಮನೆ ಗೂಡಿನಲ್ಲಿ ಇಟ್ಟಿದ್ದಾಳೆ.