ಮರಳು ಕೊಡವಲು ಹಾಸಿದ ಹಲಗೆಗಳು

ಚಿಕ್ಕಂದಿನಲ್ಲಿ ಬೇಸಿಗೆ ರಜೆ ಬಂತೆಂದರೆ ನಾವು ಜಗಲಿಯ ಮೇಲೆ ‘ವ್ಯಾಪಾರ’ದ ಆಟ ಹರಡಿಕೊಂಡು ಕೂರುತ್ತಿದ್ದೆವು. ಬೊಂಬಾಯಿ, ದೆಹಲಿ, ಕಲ್ಕತ್ತಗಳನ್ನು ಕೊಂಡು ಮಾರುತ್ತಿದ್ದ ಆ ಆಟದ ಮೂಲ ಅಮೆರಿಕದ ಮೊನೊಪೊಲಿಯೆಂದೂ, ಅದರ ಮನೆಗಳಲ್ಲಿ ಅಚ್ಚಾಗಿರುವುದು ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿ ಎಂಬ ಒಂದೇ ಕಡಲೂರಿನ ಬೀದಿಗಳೆಂದೂ, ಅವುಗಳಲ್ಲಿ ಅತ್ಯಂತ ದುಬಾರಿಯಾದ ‘ಬೋರ್ಡ್‌ವಾಕ್’ ನಿಜವಾಗಿಯೂ ಕಡಲ ಅಂಚಿಗೆ ಹಾಸಿದ ಮರದ ಹಲಗೆಗಳ ಬೀದಿಯೆಂದೂ ನನಗೆ ತಿಳಿದದ್ದು ಈ ದೇಶಕ್ಕೆ ಬಂದ ಮೇಲೆ. ಆ ಬೀದಿಯನ್ನು ನಾನು ಎಲ್ಲ ಋತುಗಳಲ್ಲೂ ನಡೆದಿದ್ದೇನೆ. ಅದರ ಚರಿತ್ರೆಯನ್ನು ಬರೀ ಜೂಜು ಮತ್ತು ದೀಪಗಳ ಕಥೆಯಾಗಿ ಹೇಳುವವರನ್ನು ಕಂಡಾಗಲೆಲ್ಲ ಬೇಸರವಾಗುತ್ತದೆ, ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಬೀದಿ ಹುಟ್ಟಿದ್ದು ಒಂದು ಸಣ್ಣ ಕಿರಿಕಿರಿಯಿಂದ. 1854ರಲ್ಲಿ ಫಿಲಡೆಲ್ಫಿಯಾದ ಎದುರು ದಡದ ಕ್ಯಾಮ್ಡನ್ ಕಡೆಯಿಂದ ರೈಲು ಬಂದ ಮೇಲೆ ಫಿಲಡೆಲ್ಫಿಯಾದ ಜನ ಈ ಊರಿರುವ ಅಬ್ಸೀಕನ್ ದ್ವೀಪದ ಮರಳಿಗೆ ದಂಡುದಂಡಾಗಿ ಇಳಿಯತೊಡಗಿದರು. ಸಂಜೆ ಅವರೆಲ್ಲ ಒದ್ದೆ ಬಟ್ಟೆಯಲ್ಲಿ, ಬೂಟಿನ ತುಂಬ ಮರಳು ತುಂಬಿಕೊಂಡು ಹಿಂದಿರುಗಿದಾಗ ಹೋಟೆಲಿನ ರತ್ನಗಂಬಳಿಯೂ ರೈಲಿನ ಮೆತ್ತನೆಯ ಆಸನಗಳೂ ಹಾಳಾಗುತ್ತಿದ್ದವು. ರೈಲಿನ ಕಂಡಕ್ಟರ್ ಅಲೆಗ್ಸಾಂಡರ್ ಬೋರ್ಡ್‌ಮನ್ ಮತ್ತು ಹೋಟೆಲಿನ ಯಜಮಾನ ಜೇಕಬ್ ಕೀಮ್ ಸೇರಿ, ಮರಳಿನ ಮೇಲೆ ಹಲಗೆ ಹಾಸಿದರೆ ಜನ ನಡೆಯುತ್ತಲೇ ಕಾಲು ಕೊಡವಿಕೊಳ್ಳುತ್ತಾರೆಂದು ನಗರಸಭೆಗೆ ಅರ್ಜಿ ಕೊಟ್ಟರು. 1870ರ ಜೂನ್ 26ರಂದು ಸುಮಾರು ಒಂದು ಮೈಲಿ ಉದ್ದದ ಕಿರಿದಾದ ಹಲಗೆ ಹಾದಿ ತೆರೆಯಿತು. ಅದನ್ನು ತುಂಡುತುಂಡಾಗಿ ಜೋಡಿಸಿದ್ದರು, ಚಳಿಗಾಲದ ಬಿರುಗಾಳಿಗೆ ಮುಂಚೆ ಬಿಚ್ಚಿ ಒಳಗಿಡುತ್ತಿದ್ದರು. ಕೃಷಿಕರು ಸುಗ್ಗಿ ಮುಗಿದ ಮೇಲೆ ಕಣದ ಸಾಮಾನು ಎತ್ತಿಡುವಂತೆ ಒಂದು ಊರು ತನ್ನ ಬೀದಿಯನ್ನೇ ಎತ್ತಿಡುತ್ತಿತ್ತು ಎಂಬುದು ನನಗೆ ಇಂದಿಗೂ ಆಶ್ಚರ್ಯ.

ಆಮೇಲಿನದು ಕಡಲು ಕೆಡವಿದ್ದು, ಊರು ಮತ್ತೆ ಕಟ್ಟಿದ್ದು. ಪ್ರತಿ ಸಲವೂ ಹಾದಿ ಅಗಲವಾಯಿತು, ಎತ್ತರವಾಯಿತು. 1896ರಲ್ಲಿ ಉಕ್ಕಿನ ಆಧಾರದ ಮೇಲೆ ನಿಂತ ಐದನೆಯ ಹಾದಿ ಬರುವ ಹೊತ್ತಿಗೆ ಅದು ಅಧಿಕೃತವಾಗಿ ನಗರದ ಒಂದು ಬೀದಿಯಾಗಿತ್ತು. ಹೋಟೆಲಿನಲ್ಲಿ ತಂಗಿದವರಿಗೂ, ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಬೆಳಗಿನ ರೈಲಿಗೆ ಬಂದು ರಾತ್ರಿಯ ರೈಲಿಗೆ ಹೋಗುವ ಗಿರಣಿ ಕಾರ್ಮಿಕರಿಗೂ ಕಡಲನ್ನು ನೋಡುತ್ತ ನಡೆಯಲು ಅಲ್ಲಿ ಕಾಸು ಕೊಡಬೇಕಾಗಿರಲಿಲ್ಲ. ಈ ಬೀದಿಯ ದೊಡ್ಡತನವೆಲ್ಲ ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಬೀದಿಯಿಂದ ಕಡಲಿನೊಳಕ್ಕೆ ಕಂಬಗಳ ಮೇಲೆ ಚಾಚಿಕೊಂಡ ಕಟ್ಟೆಗಳು, ಅಂದರೆ ಪಿಯರ್‌ಗಳು, ಬಂದದ್ದು 1880ರ ದಶಕದಲ್ಲಿ. ಮೊದಲನೆಯವನ್ನು ಅಲೆಗಳು ಬಹುಕಾಲ ಉಳಿಸಲಿಲ್ಲ. ಆದರೆ ನೀರಿನ ಮೇಲೆ ಜಾಗ ಮಾಡಿಕೊಂಡರೆ ಊರಿನಲ್ಲಿ ಸಿಗದ ನೆಲ ಸಿಗುತ್ತದೆ, ತಂಗಾಳಿಯಂತೂ ಬಿಟ್ಟಿ ಎಂಬುದು ವ್ಯಾಪಾರಿಗಳಿಗೆ ಅರ್ಥವಾಗಿತ್ತು. ಐರನ್ ಪಿಯರನ್ನು 1898ರಲ್ಲಿ ಉಪ್ಪಿನಕಾಯಿ ಮತ್ತು ಕೆಚಪ್ಪಿನ ಹೈಂಜ್ ಕಂಪನಿ ವಹಿಸಿಕೊಂಡು, ಬಂದವರಿಗೆಲ್ಲ ತನ್ನ ತಿನಿಸಿನ ರುಚಿ ತೋರಿಸಿ, ಉಪ್ಪಿನಕಾಯಿಯಾಕಾರದ ಪುಟ್ಟ ಪಿನ್ನೊಂದನ್ನು ಕೊಟ್ಟು ಕಳಿಸುತ್ತಿತ್ತು. 1944ರ ಚಂಡಮಾರುತ ಆ ಪಿಯರನ್ನೂ ಹಲಗೆ ಬೀದಿಯ ದೊಡ್ಡ ಭಾಗವನ್ನೂ ಒಯ್ದಿತು. ಜಾನ್ ಯಂಗ್ ಎಂಬಾತ 1906ರಲ್ಲಿ ‘ಮಿಲಿಯನ್ ಡಾಲರ್ ಪಿಯರ್’ ಕಟ್ಟಿಸಿ, ಅದರ ಮೇಲೆಯೇ ತನಗೊಂದು ಬಂಗಲೆ ಮಾಡಿಕೊಂಡು, ವಿಳಾಸವನ್ನು ‘ನಂಬರ್ 1, ಅಟ್ಲಾಂಟಿಕ್ ಮಹಾಸಾಗರ’ ಎಂದು ಇಟ್ಟುಕೊಂಡಿದ್ದ.

ಎಲ್ಲಕ್ಕಿಂತ ಹೆಸರಾದದ್ದು 1898ರಲ್ಲಿ ತೆರೆದ ಸ್ಟೀಲ್ ಪಿಯರ್. ಫ್ರಾಂಕ್ ಗ್ರಾವಟ್ 1925ರಲ್ಲಿ ಅದನ್ನು ಕೊಂಡ ಮೇಲೆ ಒಂದೇ ಟಿಕೆಟ್ಟಿಗೆ ಇಡೀ ದಿನದ ಮನರಂಜನೆ ಅಲ್ಲಿ ಸಿಗುತ್ತಿತ್ತು. ಸಿನಿಮಾ, ವಾದ್ಯಗೋಷ್ಠಿ, ನೃತ್ಯ, ಸರ್ಕಸ್ಸು ಎಲ್ಲ ಮುಗಿಸಿಕೊಂಡು ಪಿಯರಿನ ತುದಿಗೆ ಬಂದರೆ ಹಾರುವ ಕುದುರೆ. ಸುಮಾರು ನಲವತ್ತು ಅಡಿ ಎತ್ತರದ ಗೋಪುರದ ಇಳಿಜಾರನ್ನು ಕುದುರೆ ತಾನೇ ಓಡಿ ಹತ್ತುತ್ತಿತ್ತು. ಮೇಲೆ ಕಾದು ಕುಳಿತಿದ್ದ ಈಜುಡುಗೆಯ ಹುಡುಗಿ ಅದು ಹಾದುಹೋಗುವ ಕ್ಷಣದಲ್ಲಿ ಬೆನ್ನಿಗೆ ಏರುತ್ತಿದ್ದಳು. ಒಂದು ಗಳಿಗೆ ಕುದುರೆ ಅಂಚಿನಲ್ಲಿ ನಿಂತು ಮುಂಗಾಲನ್ನು ಕೆಳಗೆ ಇಳಿಬಿಡುತ್ತಿತ್ತು, ಆಮೇಲೆ ಇಬ್ಬರೂ ತಲೆಕೆಳಗಾಗಿ ತೊಟ್ಟಿಯ ನೀರಿಗೆ ಬೀಳುತ್ತಿದ್ದರು. 1931ರಲ್ಲಿ ಸೊನೋರಾ ವೆಬ್‌ಸ್ಟರ್ ಕಾರ್ವರ್ ಕಣ್ಣು ಮುಚ್ಚುವ ಮೊದಲೇ ನೀರಿಗೆ ಅಪ್ಪಳಿಸಿ, ಅಕ್ಷಿಪಟಲ ಕಳಚಿ ಕುರುಡಿಯಾದಳು. ಕುರುಡಿಯಾದ ಮೇಲೂ ಆಕೆ ಹನ್ನೊಂದು ವರ್ಷ ಹಾರಿದಳು. ಆಕೆಯ ಧೈರ್ಯಕ್ಕೆ ನನ್ನ ತಲೆ ಬಾಗುತ್ತದೆ, ಆದರೆ ಆ ಆಟ ನಿಂತದ್ದು ಒಳ್ಳೆಯದೇ ಆಯಿತು. ಹುಡುಗಿ ತಾನೇ ಒಪ್ಪಿ ಏರಿದಳು, ಕುದುರೆಯನ್ನು ಯಾರೂ ಕೇಳಲಿಲ್ಲ. 2012ರಲ್ಲಿ ಅದನ್ನು ಮತ್ತೆ ಆರಂಭಿಸುವ ಮಾತು ಬಂದಾಗ ಜನ ಪ್ರತಿಭಟಿಸಿ ನಿಲ್ಲಿಸಿದರು.

ಹಳೆಯ ಅಂಚೆ ಕಾರ್ಡುಗಳಲ್ಲಿ ಈ ಬೀದಿಯ ಚಿತ್ರ ನೋಡಿ. ಬೆತ್ತದ ತಳ್ಳುಕುರ್ಚಿಯಲ್ಲಿ ಹ್ಯಾಟು ತೊಟ್ಟ ಬಿಳಿಯ ದಂಪತಿ ಕಾಲ ಮೇಲೆ ಶಾಲು ಹೊದ್ದು ಕುಳಿತಿರುತ್ತಾರೆ, ಹಿಂದೆ ತಳ್ಳುತ್ತಿರುವವನು ಕಪ್ಪು ಮನುಷ್ಯ. ಅಡಿಗೆಮನೆಯಲ್ಲಿ, ಕೋಣೆ ಗುಡಿಸುವಲ್ಲಿ, ಸಾಮಾನು ಹೊರುವಲ್ಲಿ ಆ ಹೋಟೆಲುಗಳನ್ನು ನಡೆಸಿದವರಲ್ಲಿ ಬಹುಪಾಲು ದಕ್ಷಿಣದಿಂದ ಬಂದ ಕಪ್ಪು ಜನ. ಅವರ ವಾಸ ರೈಲು ಹಳಿಯಾಚೆಯ ನಾರ್ತ್‌ಸೈಡಿನಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಿಂದ, ಬಿಳಿಯ ಅತಿಥಿಗಳಿಗೆ ಮುಜುಗರವಾಗದಂತೆ, ಕಪ್ಪು ಜನರ ಸ್ನಾನವನ್ನು ಮಿಸೌರಿ ಅವೆನ್ಯೂ ಎದುರಿನ ಒಂದು ತುಂಡು ಮರಳಿಗೆ ಸೀಮಿತಗೊಳಿಸಿದರು. ಕುಟುಂಬಗಳು ಕೋಳಿಯ ಬುತ್ತಿ ಕಟ್ಟಿಕೊಂಡು ಬರುತ್ತಿದ್ದುದರಿಂದ ಅದಕ್ಕೆ ‘ಚಿಕನ್ ಬೋನ್ ಬೀಚ್’ ಎಂಬ ಹೆಸರು ಬಿತ್ತು. ಎಲ್ಲರ ಬೀದಿ ಎಂದು ನಾನು ಮೇಲೆ ಹೊಗಳಿದ ಮಾತನ್ನು ಇಲ್ಲಿ ತಿದ್ದಿಕೊಳ್ಳಲೇಬೇಕು. ಕಡಲ ಗಾಳಿ ಎಲ್ಲರಿಗೂ ಬೀಸುತ್ತಿತ್ತು, ಕಡಲ ನೀರನ್ನು ಮಾತ್ರ ಗೆರೆ ಎಳೆದು ಹಂಚಿದ್ದರು. ಅಸ್ಪೃಶ್ಯತೆಯ ಕೆರೆ ಬಾವಿಗಳನ್ನು ಕಂಡ ನೆಲದಿಂದ ಬಂದ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅದೇ ಮರಳಿನಿಂದ ಕೂಗಳತೆಯಲ್ಲಿರುವ ದೊಡ್ಡ ಸಭಾಭವನದಲ್ಲಿ, 1964ರ ಆಗಸ್ಟಿನಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನ ನಡೆದಾಗ, ಮಿಸಿಸಿಪ್ಪಿಯ ಹತ್ತಿ ಹೊಲಗಳಿಂದ ಬಂದ ಫ್ಯಾನಿ ಲೂ ಹ್ಯಾಮರ್ ಮತದ ಹಕ್ಕು ಕೇಳಿದ್ದಕ್ಕೆ ತಾನು ತಿಂದ ಪೆಟ್ಟುಗಳನ್ನು ಇಡೀ ದೇಶದ ಮುಂದೆ ಹೇಳಿದರು. ಕುದುರೆಯ ಕಥೆ ಗೊತ್ತಿರುವಷ್ಟು ಜನರಿಗೆ ಈ ಕಥೆಯೂ ಗೊತ್ತಿರಬೇಕಿತ್ತು.

ವಿಮಾನ ಅಗ್ಗವಾಗಿ ಜನ ಫ್ಲಾರಿಡಾಕ್ಕೆ ಹಾರತೊಡಗಿದ ಮೇಲೆ ಊರು ಬಡವಾಯಿತು. 1976ರಲ್ಲಿ ನ್ಯೂಜೆರ್ಸಿಯ ಮತದಾರರು ಇಲ್ಲಿ ಜೂಜಿಗೆ ಒಪ್ಪಿಗೆ ಕೊಟ್ಟರು, 1978ರ ಮೇ ತಿಂಗಳಲ್ಲಿ ಮೊದಲ ಕ್ಯಾಸಿನೊ ತೆರೆಯಿತು. ಹಳೆಯ ಸ್ಟೀಲ್ ಪಿಯರ್ 1982ರ ಡಿಸೆಂಬರಿನಲ್ಲಿ ಸುಟ್ಟುಹೋಯಿತು. ಈಗಿರುವುದು ಕಾಂಕ್ರೀಟಿನ ಹೊಸ ಪಿಯರ್. ಕ್ಯಾಸಿನೊಗಳು ಕೆಲಸ ಕೊಟ್ಟವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಿಟಕಿಯಿಲ್ಲದ ಆ ಹಜಾರಗಳಿಗೆ ಗಿರಾಕಿ ಕಡಲು ನೋಡುವುದೇ ನಷ್ಟ. ಪಿಯರಿನ ವ್ಯಾಪಾರಿ ಜನರನ್ನು ನೀರಿನ ಕಡೆಗೆ ಕರೆಯುತ್ತಿದ್ದ, ಕ್ಯಾಸಿನೊ ಬೀದಿಯಿಂದ ಒಳಕ್ಕೆ ಎಳೆದುಕೊಂಡಿತು. ಹಿಂದಿನ ಬೀದಿಗಳ ಪುಟ್ಟ ಹೋಟೆಲು, ಅಂಗಡಿಗಳಲ್ಲಿ ಎಷ್ಟೋ ಬಾಗಿಲು ಹಾಕಿದವು.

2016ರ ಸೆಪ್ಟೆಂಬರ್ ಮೊದಲ ವಾರ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ಈ ಊರಿನಲ್ಲಿಯೇ ನಡೆದಾಗ ನಾವು ಕೆಲವರು ಬಿಡುವು ಮಾಡಿಕೊಂಡು ಬೋರ್ಡ್‌ವಾಕಿಗೆ ಹೋಗಿದ್ದೆವು. ಸ್ಟೀಲ್ ಪಿಯರಿನ ಎದುರಿಗೆ, 1990ರಲ್ಲಿ ಗುಮ್ಮಟ ಮಿನಾರುಗಳೊಡನೆ ಎದ್ದ ತಾಜ್ ಮಹಲ್ ಕ್ಯಾಸಿನೊದ ಕೆಲಸಗಾರರು ಜುಲೈಯಿಂದ ಮುಷ್ಕರದಲ್ಲಿದ್ದರು, ಅಕ್ಟೋಬರಿನಲ್ಲಿ ಅದು ಮುಚ್ಚಿಯೇ ಹೋಯಿತು. ರೇಷ್ಮೆ ಸೀರೆ ಪಂಚೆಗಳಲ್ಲಿ ನಾವು ಫೋಟೋ ತೆಗೆಸಿಕೊಳ್ಳುತ್ತಿದ್ದ ಜಾಗದಿಂದ ಅವರ ಘೋಷಣೆ ಕೇಳುತ್ತಿತ್ತು. ನಮ್ಮಲ್ಲೊಬ್ಬರು ಹೋಗಿ ಅವರಿಗೆ ನೀರಿನ ಬಾಟಲಿ ಕೊಟ್ಟು ಬಂದರು.

2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಬೋರ್ಡ್‌ವಾಕ್ ಕೊಚ್ಚಿಹೋಯಿತೆಂದು ಟೀವಿಗಳು ಕೂಗಿದವು. ಹೋದದ್ದು ಮೊದಲೇ ಶಿಥಿಲವಾಗಿದ್ದ ಉತ್ತರ ತುದಿಯ ತುಂಡು. ಮುಖ್ಯ ಬೀದಿ ಉಳಿಯಿತು, ಮುಂದೆ ಕಟ್ಟಿದ್ದ ಮರಳ ದಿಬ್ಬಗಳು ಅದನ್ನು ಕಾದವು. ಹಲಗೆಗೆ ಮರಳು ಬೇಡವೆಂದು ಶುರುವಾದ ಬೀದಿಯನ್ನು ಮರಳೇ ಉಳಿಸಿತು.

ಕಳೆದ ಚಳಿಗಾಲ ಒಂದು ಮಧ್ಯಾಹ್ನ ಅಲ್ಲಿದ್ದೆ. ಓರೆಯಾಗಿ, ಮೀನಿನ ಮುಳ್ಳಿನಂತೆ ಜೋಡಿಸಿದ ಹಲಗೆಗಳಲ್ಲಿ ಹಳೆಯವು ಬೂದಿ ಬಣ್ಣಕ್ಕೆ ತಿರುಗಿದ್ದವು, ನಡುನಡುವೆ ಹೊಸದಾಗಿ ಹೊಡೆದ ಕಂದು ಹಲಗೆ. ಸಂದುಗಳಲ್ಲಿ ಮರಳು ತುಂಬಿತ್ತು. ಕುರ್ಚಿ ತಳ್ಳುವ ವಯಸ್ಸಾದ ಮನುಷ್ಯನೊಬ್ಬ, ಗಿರಾಕಿಯಿಲ್ಲದೆ, ತನ್ನ ಬೆತ್ತದ ಕುರ್ಚಿಯನ್ನು ಕಡಲ ಕಡೆಗೆ ತಿರುಗಿಸಿ ತಾನೇ ಅದರಲ್ಲಿ ಕುಳಿತಿದ್ದ.